ಮಾಲಿನ ಮ್ಯಾಲ ಕಾಲು

ರಾವೂರ, 16-11-2025, ರವಿವಾರ

ಅವ್ವನಿಗೆ ಎಷ್ಟು ಹೇಳಿದರೂ ಅಷ್ಟೇ! ಇವತ್ತು ಹೊಸ ಮನೆಗೆ ಬಂದೆವು. ಸರ್ಕಾರದ ವಸತಿ ಯೋಜನೆಯ ಮನೆ, ಮಂಜೂರಾದದ್ದು ಅವ್ವನ ಹೆಸರಿಗೇ. ಬಾಗಿಲ ಮೇಲೆ ‘ದ್ರೌಪದಿ’ ಎಂದು ಬರೆಸಿದ್ದೇವೆ. ಆದರೆ ಈ ಯಜಮಾನಿ ಬೆಳಿಗ್ಗೆಯಿಂದ ಹಲ್ಲಿಯ ಹಾಗೆ ಗೋಡೆಗೆ ಅಂಟಿಕೊಂಡೇ ಓಡಾಡಿದಳು.

ಬುದ್ಧ ವಂದನೆಗೆಂದು ಜನ ಒಳಗೆ ಬರುವಾಗ ಒಮ್ಮೆಲೇ ಕೂಗಿದಳು: “ಏ, ಮಾಲಿನ ಮ್ಯಾಲ ಕಾಲಿಡಬ್ಯಾಡ್ರಿ!”

ಎಲ್ಲರೂ ಒಂದು ಕಾಲೆತ್ತಿ ಕೊಕ್ಕರೆಗಳಂತೆ ನಿಂತುಬಿಟ್ಟರು.

ಅವ್ವ ಶಹಾಬಾದಿನಲ್ಲಿ ನೆಲಕ್ಕೆ ಹಾಸುವ ಫರಸಿಕಲ್ಲು ಪಾಲಿಶ್ ಮಾಡುತ್ತಲೇ ಮುದುಕಿಯಾದವಳು. ಅಲ್ಲಿ ಪಾಲಿಶ್ ಆದ ಕಲ್ಲು ಎಂದರೆ ಮಾಲು, ಮಾರುವ ಸರಕು. ತುಳಿದರೆ ಸೇಠ್ ಬೈಯುತ್ತಿದ್ದ. ಸಂಜೆ ಮನೆಗೆ ಬಂದರೆ ನಮ್ಮದು ಮಣ್ಣಿನ ನೆಲ. ಫರಸಿಯ ಮೇಲೆ ನಡೆಯುವವರು ಯಾವಾಗಲೂ ಬೇರೆಯವರೇ. ಈಗ ಅದೇ ಫರಸಿ ನಮ್ಮ ಹೊಸ ಮನೆಯ ನೆಲಕ್ಕೂ ಬಂದಿದೆ.

ಮನೆ ಕಟ್ಟಿದ ಗೌಂಡಿ ನಾಮದೇವ ಕಾಕಾ ನಕ್ಕು ನಕ್ಕು ಸುಸ್ತಾದ. “ವೈನಿ, ಈಗ ಸೇಠ್ ಯಾರ್ರೀ? ನೀವೇ! ಬೇಕಾದ್ರ ಕುಣೀರಿ ಅದರ ಮ್ಯಾಲ.”

ಅವ್ವ ಕುಣಿಯಲಿಲ್ಲ. ಸೆರಗಿನಿಂದ ಒಂದು ಕಲ್ಲು ಒರೆಸಿ, ಅದರ ಅಂಚಿಗೆ ನೆಂಟರ ಮನೆಗೆ ಬಂದವಳ ಹಾಗೆ ಕುಳಿತಳು. ನನಗೆ ಸಿಟ್ಟೂ ಬಂತು, ನಗುವೂ ಬಂತು.

ಈಗ ಬರೆಯುವುದು ಬಿಟ್ಟು ನೀರು ಕುಡಿಯಲು ಎದ್ದಿದ್ದೆ. ಅವ್ವ ಚಾಪೆಯೂ ಬೇಡವೆಂದು ನಟ್ಟನಡುವೆ ಬರೀ ಫರಸಿಯ ಮೇಲೆ ಕೈಕಾಲು ಚಾಚಿ ಮಲಗಿದ್ದಾಳೆ. ನಿದ್ದೆ ಹತ್ತಿದೆ ಎಂದುಕೊಂಡೆ. ಕತ್ತಲಲ್ಲಿ ಕಿಸಕ್ಕನೆ ನಕ್ಕಳು.

“ಲುಂಬಿನಿ, ನೀ ಯಾಕ ಗ್ವಾಡಿ ಹಿಡದು ಹೊಂಟೀದಿ? ನಡುವ ನಡಿ. ಇದು ಮಾಲಲ್ಲ, ಮನಿ.”