ಕೆಸರಣ್ಣನ ಜಿಪ್

ಮಾರ್ಚ್ 3, ಸೋಮವಾರ

ಬೆಳಿಗ್ಗೆ ಎರಡು ಸೋಫಾ ಕುಶನ್ ಮುಗಿಸಿದೆ. ಮೂರನೆಯದಕ್ಕೆ ಫೋಮ್ ಕೊಯ್ಯುತ್ತಿದ್ದಾಗ ಸಿನಿಮಾ ಕಂಪನಿಯ ಮ್ಯಾನೇಜರ್ ಬಂದ. ತಮ್ಮ ತೀರಿಕೊಂಡ ದಿನ ಹೂ ಕಳಿಸಿದ್ದ, ತಾನು ಬಂದಿರಲಿಲ್ಲ. ಈಗ ಕೂರಿ ಎನ್ನುವ ಮೊದಲೇ ಕುಳಿತ. ಮುಗಿಸಿಟ್ಟ ಕುಶನ್ ಮೇಲೆಯೇ.

"ಅಕ್ಕಾ, ಕೆಸರಣ್ಣ ವಾಪಸ್ ಬರ್ತಿದಾನೆ. ಎರಡನೇ ಭಾಗ. ಜನ ಒಂದೇ ಸಮ ಕೇಳ್ತಿದಾರೆ."

ಕೆಸರಣ್ಣ ಎಂದರೆ ಕೆರೆಯಿಂದ ಎದ್ದು ಬರುವ ರಾಕ್ಷಸ. ಹೆಸರಿಟ್ಟವನು ತಮ್ಮ. ವೇಷ ಮಾಡಿದ್ದು ನಾವಿಬ್ಬರು, ಇದೇ ಕೋಣೆಯಲ್ಲಿ. ಒಳಗೆ ನಿಂತು ಕುಣಿದವನು ಅವನು. ಒಳಗೇ ಹೋದವನೂ ಅವನೇ.

"ಹಳೇ ವೇಷ ಎಲ್ಲಿ?" ಎಂದೆ.

"ಅದು... ಆಸ್ಪತ್ರೇಲಿ ಕತ್ತರಿಸಿಬಿಟ್ರಲ್ಲ ಅಕ್ಕಾ."

ಗೊತ್ತು. ಅವನ ಬಾಯಿಂದ ಕೇಳಬೇಕಿತ್ತು.

"ಮೊದಲಿಂದ ಮಾಡ್ಬೇಕು. ನಿಮ್ಮ ಕೈ ಬೇರೆಯವರಿಗೆ ಬರಲ್ಲ."

ಯೋಚಿಸಿ ಹೇಳುತ್ತೇನೆ ಎಂದೆ. ಅವನು ಹೋದ ಮೇಲೆ ಕುಶನ್ ಕವರ್ ಬಿಚ್ಚಿ ಒಗೆದೆ. ಹೊಚ್ಚ ಹೊಸದು.

ಮಾರ್ಚ್ 4, ಮಂಗಳವಾರ

ತಮ್ಮನ ಹೆಂಡತಿ ತಟ್ಟೆ ಕುಕ್ಕಿದಳು. "ಆ ಹಾಳು ಪ್ರಾಣೀನ ಮತ್ತೆ ಮನೆಯೊಳಗೆ ತರ್ತೀರಾ ಅತ್ತಿಗೆ? ನಿಮಗೆ ಕರುಳು ಅನ್ನೋದು ಇದೆಯಾ?"

ಅವಳ ತಟ್ಟೆ ತೊಳೆದಿಟ್ಟೆ. ಇಲ್ಲಿ ಬರೆಯುತ್ತೇನೆ.

ಹಳೆಯ ವೇಷದ ಜಿಪ್ ಬೆನ್ನಿಗಿತ್ತು. ಉಗುರಿನ ಕೈಗವಸು ಹಾಕಿಕೊಂಡವನಿಗೆ ಅದು ಸಿಗುವುದಿಲ್ಲ. ಹೊರಗಿನಿಂದ ಯಾರಾದರೂ ಎಳೆಯಬೇಕು. ಮುಂದೆ ಇಡೋಣ ಎಂದು ತಮ್ಮ ಗೋಗರೆದಿದ್ದ. ಕ್ಯಾಮೆರಾಕ್ಕೆ ಕಾಣುತ್ತದೆ, ಬೇಡ ಎಂದವನು ಇದೇ ಮ್ಯಾನೇಜರ್. ಆ ಮಧ್ಯಾಹ್ನ ಊಟಕ್ಕೆ ಬಿಟ್ಟರು. ರಣಬಿಸಿಲು. ಜಿಪ್ ಯಾರೋ ತೆಗೆದಿರುತ್ತಾರೆ ಎಂದು ಪ್ರತಿಯೊಬ್ಬನೂ ಅಂದುಕೊಂಡ. ದಡದಲ್ಲಿ ಕೆಸರಣ್ಣ ಕೈ ಬೀಸುತ್ತಿದ್ದ. ತಮಾಷೆ ಮಾಡುತ್ತಿದ್ದಾನೆಂದು ನಕ್ಕರಂತೆ. ನಕ್ಕು ಊಟ ಮುಂದುವರಿಸಿದರಂತೆ.

ಹಾರ್ಟ್ ವೀಕ್ ಇತ್ತು ಎಂದಿತು ಕಂಪನಿ.

ನಾನು ಒಲ್ಲೆ ಎಂದರೆ ಇನ್ನೊಬ್ಬರು ಮಾಡುತ್ತಾರೆ. ಜಿಪ್ ಬೆನ್ನಿಗೇ ಇಡುತ್ತಾರೆ. ಇನ್ನೊಬ್ಬರ ಮನೆಯ ಮಗ ಒಳಗೆ ಹೋಗುತ್ತಾನೆ.

ಸಂಜೆ ಫೋನ್ ಮಾಡಿ ಆಗಲಿ ಎಂದೆ.

ಮಾರ್ಚ್ 9, ಭಾನುವಾರ

ಅಟ್ಟದಿಂದ ಅಳತೆಯ ಗೊಂಬೆ ಇಳಿಸಿದೆ. ತಮ್ಮನಿಗೆ ಹಳೆಯ ಬನಿಯನ್ ತೊಡಿಸಿ, ಮೇಲೆ ಪ್ಯಾಕಿಂಗ್ ಟೇಪ್ ಸುತ್ತಿ, ಬೆನ್ನು ಸೀಳಿ ಅವನನ್ನು ಹೊರಗೆ ತೆಗೆದು, ಹತ್ತಿ ತುಂಬಿ ಮಾಡಿದ್ದು. ಅವನದೇ ಅಳತೆ. ಟೇಪ್ ಸುತ್ತುವಾಗ ಕಚಗುಳಿ ಎಂದು ಒಂದೇ ಸಮ ಕುಣಿದಿದ್ದ. ಅದಕ್ಕೇ ಸೊಂಟದ ಹತ್ತಿರ ಸುಕ್ಕು. ಹಾಗೇ ಇದೆ.

ಅಡುಗೆಮನೆಗೆ ಹೋಗಿ ಬರುವಷ್ಟರಲ್ಲಿ ಯಾರೋ ಅದನ್ನು ಗೋಡೆಗೆ ಮುಖ ಮಾಡಿ ನಿಲ್ಲಿಸಿದ್ದರು. ಯಾರೋ ಏನು... ಮನೆಯಲ್ಲಿರುವುದು ನಾವಿಬ್ಬರೇ.

ಮಾರ್ಚ್ 17

ಬಾಲಕ್ಕೆ ಹಳೆಯ ಹಾಸಿಗೆ ಕೊಯ್ದೆ. ತಲೆಗೆ ಸ್ಕೂಟರ್ ಹೆಲ್ಮೆಟ್, ಮೇಲೆ ಫೋಮ್. ಹಲ್ಲಿಗೆ ಪ್ಲಾಸ್ಟಿಕ್ ಚಮಚದ ಹಿಡಿಗಳು. ಚಿಪ್ಪುಗಳನ್ನು ಒಂದೊಂದಾಗಿ ಕತ್ತರಿಸಿ ಅಂಟಿಸುತ್ತಿದ್ದೇನೆ. ಅಂಟಿನ ವಾಸನೆಗೆ ಕಣ್ಣು ಉರಿ. ಉರಿಯಲಿ.

ಮಾರ್ಚ್ 20

ಈ ಸಲ ವೇಷ ಹಾಕುವವನು ಅಳತೆ ನೋಡಲು ಬಂದಿದ್ದ. ಎಲ್ಲರೂ ಗುಂಡ ಅನ್ನುತ್ತಾರಂತೆ. ತಪ್ಪೇನಿಲ್ಲ.

"ಕೆಸರಣ್ಣ ಡಯಟ್ ಮಾಡಿದ್ದಾನಾ ಅಕ್ಕಾ? ಉಸಿರು ಬಿಗಿಹಿಡಿದ್ರೆ ಮಾತ್ರ ನನ್ನ ಹೊಟ್ಟೆ ಒಳಗೆ ಹೋಗುತ್ತೆ!"

ನಗು ಬರಲಿಲ್ಲ. ಅವನು ಇಲ್ಲಿ ನಿಂತಿದ್ದಾನೆ ಎನ್ನುವುದಕ್ಕೇ ಸಿಟ್ಟು.

"ಎಡ ಭುಜ ಎಳೀತಿದೆ ನೋಡಿ."

ನೋಡಿದೆ. ತಮ್ಮನ ಎಡ ಭುಜ ಒಂದು ಬೆರಳಿನಷ್ಟು ತಗ್ಗು. ಚಿಕ್ಕಂದಿನಿಂದ ಬಟ್ಟೆಯ ಥಾನು ಹೊತ್ತು ಹಾಗಾಗಿತ್ತು. ಕೈ ತನ್ನಷ್ಟಕ್ಕೆ ಅವನ ಭುಜವನ್ನೇ ಹೊಲಿದಿದೆ.

"ನೆಟ್ಟಗೆ ನಿಂತ್ಕೊಳ್ರೀ!" ಎಂದು ಕಿರುಚಿದೆ.

"ಬೈಬೇಡಿ ಅಕ್ಕಾ. ಅಪ್ಪನೇ ಕೆಸರಣ್ಣ ಅಂತ ಮಗಳು ಶಾಲೆ ತುಂಬ ಸಾರಿಬಿಟ್ಟಿದಾಳೆ." ಆಮೇಲೆ ಮೆಲ್ಲಗೆ, "ನಿಮ್ಮ ತಮ್ಮನ ವಿಷಯ ಕೇಳಿದೀನಿ. ನನಗೂ ಒಳಗೊಳಗೆ ಪುಕಪುಕ ಅಂತಿದೆ."

ಆಗ ತೋರಿಸಿದೆ. ಬೆನ್ನಿಗೆ ಅವರು ಹೇಳಿದ ಜಿಪ್ ಇದೆ. ಹೊಟ್ಟೆಯ ಚಿಪ್ಪಿನ ಕೆಳಗೆ ಇನ್ನೊಂದು, ನನ್ನದು. ತುದಿಗೆ ದೊಡ್ಡ ಉಂಗುರ, ಉಗುರಿಗೂ ಸಿಕ್ಕುವಂಥದ್ದು. ಗುಂಡ ಎಳೆದ, ಹೊರಗೆ ಬಂದ. ಮತ್ತೆ ಒಳಗೆ ಹೋದ, ಮತ್ತೆ ಬಂದ. ಹೊರಗೆ ಬಂದಾಗಲೆಲ್ಲ ಬೆವರು ಒರೆಸಿಕೊಂಡು ನಗುತ್ತಿದ್ದ.

ಮಾರ್ಚ್ 21

ಗೊಂಬೆಗೆ ಫೋಮ್ ಸುತ್ತಿ ಗುಂಡನ ಗಾತ್ರಕ್ಕೆ ತರಬೇಕು. ತಮ್ಮ ಒಳಗೆ ಮುಚ್ಚಿಹೋಗುತ್ತಾನೆ. ಎದೆಯವರೆಗೆ ಸುತ್ತಿ ನಿಲ್ಲಿಸಿಬಿಟ್ಟೆ. ಸುಮ್ಮನೆ ಟೇಪ್ ಹಿಡಿದು ಕುಳಿತಿದ್ದೆ. ತಮ್ಮನ ಹೆಂಡತಿ ಬಂದಳು. ಬೈಯುತ್ತಾಳೆ ಅಂದುಕೊಂಡೆ. ಇನ್ನೊಂದು ತುದಿ ಹಿಡಿದಳು.

ಸೊಂಟಕ್ಕೆ ಬಂದಾಗ, "ಅಷ್ಟು ಬಿಗಿ ಬೇಡ ಅತ್ತಿಗೆ. ಅವರಿಗೆ ಕಚಗುಳಿ."

ಏಪ್ರಿಲ್ 2, ಬುಧವಾರ, ಹನ್ನೊಂದು ಗಂಟೆ

ಮ್ಯಾನೇಜರ್ ವೇಷ ಒಯ್ಯಲು ಬಂದ. ಸುತ್ತ ತಿರುಗಿ ನೋಡಿದ. ಹೊಟ್ಟೆಯ ಮೇಲೆ ಬೆರಳಿಟ್ಟ.

"ಇದೇನಕ್ಕಾ, ಇಲ್ಲಿ ಚಿಪ್ಪು ಉಬ್ಬಿದೆ?"

ಹೇಳಿದೆ.

"ಛೆ, ಕ್ಯಾಮೆರಾಗೆ ಕಾಣುತ್ತೆ. ಹೊಲಿದುಬಿಡಿ. ಹಿಂದೆ ಜಿಪ್ ಇದೆಯಲ್ಲ, ತೆಗೆಯೋಕೆ ಜನ ಇರ್ತಾರೆ."

"ಆವತ್ತೂ ಇದ್ರು."

"ಅದೆಲ್ಲ ಹಣೆಬರಹ ಅಕ್ಕಾ. ಈಗ ಅದನ್ನ ಹಿಡ್ಕೊಂಡು ಕೂತ್ರೆ ಹೇಗೆ?"

ಸೂಜಿಗೆ ದಾರ ಪೋಣಿಸಿದೆ. ಅವನ ಎದುರಿಗೇ ಚಿಪ್ಪಿನ ಅಂಚು ಹೊಲಿದೆ. "ಈಗ ಕಾಣುತ್ತೋ ಇಲ್ವೋ, ನೀವೇ ಹಾಕ್ಕೊಂಡು ಕನ್ನಡೀಲಿ ನೋಡಿ" ಎಂದೆ.

ಖುಷಿಯಿಂದ ಒಳಗೆ ಹೋದ. ಕೈಗವಸು ಹಾಕಿಸಿದೆ. ತಲೆ ಇಟ್ಟೆ. ಬೆನ್ನಿನ ಜಿಪ್ ಎಳೆದೆ. ತಮ್ಮನ ಹೆಂಡತಿಯ ಕಡೆ ತಿರುಗಿ ಗರ್ ಎಂದು ಗರ್ಜಿಸಿದ. ಅವಳು ಕಣ್ಣು ಮಿಟುಕಿಸಲಿಲ್ಲ.

"ಸೂಪರ್ ಅಕ್ಕಾ. ಸಾಕು, ತೆಗೀರಿ."

ನಾನು ಹೊಲಿಗೆ ಮೆಷಿನ್ ಮುಂದೆ ಕುಳಿತು ಇದನ್ನು ಬರೆಯುತ್ತಿದ್ದೇನೆ. ಫ್ಯಾನ್ ತಿರುಗುತ್ತಿದೆ. ಕಿಟಕಿ ತೆಗೆದಿದೆ. ಕೆರೆ ದಡದ ಬಿಸಿಲು ಇಲ್ಲಿಲ್ಲ.

"ಅಕ್ಕಾ? ಎಲ್ಲಿದ್ದೀರಾ? ಸೆಕೆ..."

ಬೆನ್ನಿಗೆ ಕೈ ಹಾಕುತ್ತಿದ್ದಾನೆ. ಉಗುರು ಜಾರುತ್ತಿದೆ. ಹೊಟ್ಟೆ ತಡವುತ್ತಿದ್ದಾನೆ. ಅಲ್ಲಿ ಹೊಲಿಗೆ.

"ತಮಾಷೆ ಸಾಕು! ಯಾರಾದ್ರೂ ತೆಗೀರಿ!"

ಬಾಲ ತಾಗಿ ಸ್ಟೂಲ್ ಬಿತ್ತು. ಈಗ ಎರಡೂ ಕೈ ಮೇಲೆತ್ತಿದ.

"ಕೈ ಬೀಸ್ತಿದಾರೆ ಅತ್ತಿಗೆ" ಎಂದಳು ತಮ್ಮನ ಹೆಂಡತಿ. "ನಗಬೇಕಾ?"

ಒಳಗೆ ಮಾತು ನಿಂತಿತು. ಬರೀ ಉಸಿರು. ಆಮೇಲೆ ಅಳುವ ದನಿ: "ಮುಂದೆ ಇರಲಿ ಅಕ್ಕಾ... ಮುಂದೇನೇ ಇರಲಿ... ಕಾಣಿಸಿದ್ರೆ ಕಾಣಿಸ್ಲಿ..."

ಅವಳು ಕತ್ತರಿ ತಂದು ನನ್ನ ಕೈಯ ಹತ್ತಿರ ಇಟ್ಟಿದ್ದಾಳೆ. ಏಳುತ್ತೇನೆ. ಹೊಟ್ಟೆಯ ಹೊಲಿಗೆ ಬಿಚ್ಚಿ, ಉಂಗುರ ಅವನ ಉಗುರಿಗೇ ಸಿಕ್ಕಿಸುತ್ತೇನೆ. ತಾನೇ ಎಳೆದುಕೊಂಡು ಹೊರಗೆ ಬರಲಿ. ಆಮೇಲೆ ಬೆನ್ನಿನ ಜಿಪ್ ಇದೆಯಲ್ಲ, ಅದನ್ನು ಅವನ ಎದುರಿಗೇ, ದಪ್ಪ ದಾರದಲ್ಲಿ, ಇನ್ನೆಂದೂ ತೆರೆಯದ ಹಾಗೆ ಹೊಲಿದುಬಿಡುತ್ತೇನೆ.