ಭಾನುವಾರ ನೋಡಿದ ಮನೆ

ಮಾರ್ಚ್ 3, ಭಾನುವಾರ

ಐದನೇ ಸಲ ಫ್ಲ್ಯಾಟ್ ನೋಡಿ ಬಂದೆ. ನಲ್ಲಿ ತಿರುಗಿಸಿದೆ, ಗೋಡೆ ಕುಟ್ಟಿದೆ. ಪತ್ರಗಳನ್ನು ವಕೀಲರಿಗೆ ಎರಡು ಸಲ ತೋರಿಸಿಯಾಯಿತು. ಡೈರಿಯ ಕೊನೇ ಪುಟದ ಪಟ್ಟಿಯಲ್ಲಿ ಹದಿನೇಳು ಅಂಶ, ಹದಿನೇಳಕ್ಕೂ ಟಿಕ್.

ಬಾಡಿಗೆಗೆ ಬಿಡಲು ನನಗೊಂದು. ಇರಲು ಅಕ್ಕನಿಗೆ ಪಕ್ಕದ್ದು. ಅವಳು ಆಸ್ಪತ್ರೆಯಲ್ಲಿ ನರ್ಸ್, ಇಪ್ಪತ್ತು ವರ್ಷದಿಂದ ರಾತ್ರಿ ಪಾಳಿ. ಕೇಳಿದ್ದು ಒಂದೇ — "ಹಗಲು ನಿದ್ದೆ ಬರೋ ಮನೆ ಆದ್ರೆ ಸಾಕು. ನೀನು ನೋಡಿದ್ರೆ ನಾನು ನೋಡಿದ ಹಾಗೇ ಕಣೋ."

ಸೊಳ್ಳೆ ಗುಂಯ್‌ಗುಟ್ಟಿದರೂ ಕೇಳುವಷ್ಟು ನಿಶ್ಶಬ್ದ. ಹಿಂದಿನ ಓಣಿಯಲ್ಲಿ ನೀಲಿ ತಗಡಿನ ಶೆಡ್ಡು, ಬೀಗ ಹಾಕಿತ್ತು. ಗೋಡೌನ್ ಇರಬೇಕು.

ಪತ್ರ ಪಕ್ಕಾ, ನೀರು ಪಕ್ಕಾ, ಪಕ್ಕದ ಮನೆಗೆ ಅಕ್ಕ! ಫೋನಿನಲ್ಲಿ ಹೇಳಿದೆ.

"ನಿನ್ನ ಪ್ರಾಸಕ್ಕಾದ್ರೂ ತಗೋತೀನಿ ಬಿಡು" ಅಂದಳು.

ಏಪ್ರಿಲ್ 24, ಬುಧವಾರ, ಬೆಳಗ್ಗೆ 11

ಅಕ್ಕ ಸಾಮಾನು ಸಾಗಿಸಿ ಎರಡು ದಿನ. ಆಫೀಸಿಗೆ ಫೋನ್ ಮಾಡಿದಳು. ಫೋನನ್ನು ಕಿಟಕಿಯ ಹೊರಗೆ ಹಿಡಿದಳು.

ಆ ನೀಲಿ ಶೆಡ್ಡಿನಲ್ಲಿ ಗ್ರಾನೈಟ್ ಕೊಯ್ಯುವ ಮೆಷಿನ್ನು. ಒಂಬತ್ತರಿಂದ ಆರು, ವಾರಕ್ಕೆ ಆರು ದಿನ. ಏಳನೆಯ ದಿನವೇ ನಾನು ಐದೂ ಸಲ ಹೋಗಿದ್ದು...

ರಜೆ ಉಳಿಸಿದೆ, ಸಜೆ ಗಳಿಸಿದೆ. ಅನುಭವಿಸುವವಳು ಮಾತ್ರ ಅವಳು. ಹದಿನೆಂಟನೇ ಅಂಶ ಈಗ ಬರೆದೆ: ಕೆಲಸದ ದಿನ ಹೋಗಿ ನೋಡು.

ಜೂನ್ 13, ಗುರುವಾರ

ನನ್ನ ಮೊದಲ ಬಾಡಿಗೆದಾರ ಇಪ್ಪತ್ತೆರಡನೇ ದಿನಕ್ಕೆ ಬೀಗದ ಕೈ ಕೊಟ್ಟು ಕೈ ಮುಗಿದ.

ಅಕ್ಕ ಕಿವಿಗೆ ಹತ್ತಿ ತುರುಕಿ ನಡುಕೋಣೆಯ ಬೀರುವಿನ ಪಕ್ಕ ಮಲಗುತ್ತಾಳೆ. ಅಲ್ಲಿ ಸದ್ದು ಕೊಂಚ ಕಮ್ಮಿಯಂತೆ. ಮೊನ್ನೆ ವಾರ್ಡಿನಲ್ಲಿ ಒಬ್ಬರ ಮಾತ್ರೆ ಇನ್ನೊಬ್ಬರ ಕೈಗೆ ಹಾಕಿದ್ದಳು. ಬಾಯಿಗೆ ಹೋಗುವಷ್ಟರಲ್ಲಿ ನೋಡಿ ಕಿತ್ತುಕೊಂಡಳಂತೆ.

"ನಿಂಗೇನು ಗೊತ್ತಿತ್ತು ಬಿಡೋ" ಅಂದಳು. ಬೈದಿದ್ದರೆ ಚೆನ್ನಾಗಿತ್ತು.

ಜುಲೈ 7, ಭಾನುವಾರ

ಎರಡೂ ಮಾರುವುದೆಂದು ತೀರ್ಮಾನ. ಬ್ರೋಕರ್ ಮಾತಿಗೊಂದು ಗ್ಯಾರಂಟಿ. "ಭಾನುವಾರಾನೇ ತೋರ್ಸೋಣ ಸಾರ್, ಗ್ಯಾರಂಟಿ ಹೋಗುತ್ತೆ."

ಹತ್ತನೇ ಕ್ಲಾಸು ಫೇಲಾದ ಮಕ್ಕಳಿಗೆ ಹಗಲು ಹೊತ್ತು ಮನೆಯಲ್ಲೇ ಟ್ಯೂಷನ್ ಹೇಳುವ ಮೇಷ್ಟ್ರು ಬಂದರು. "ಎಷ್ಟು ಶಾಂತವಾಗಿದೆ ಸಾರ್!"

ನಲ್ಲಿ ತಿರುಗಿಸಿ ನೀರು ತೋರಿಸಿದೆ.

ಅವರು ಹೋದ ಮೇಲೆ ಅಕ್ಕನ ಬಾಗಿಲು ತಟ್ಟಿದೆವು. "ನಿಮ್ದೂ ಹೀಗೇ ತೋರ್ಸೋಣ ಅಕ್ಕಾ" ಅಂದ ಗ್ಯಾರಂಟಿ.

"ನಂದು ಸೋಮವಾರ ಹತ್ತು ಗಂಟೆಗೆ ಮಾತ್ರ" ಅಂದವಳು ನನ್ನ ಮುಖ ನೋಡದೆ ಬಾಗಿಲು ಹಾಕಿಕೊಂಡಳು.

ಇವತ್ತು ಪ್ರಾಸ ಹೊಳೆಯಲಿಲ್ಲ.

ಸೆಪ್ಟೆಂಬರ್ 2, ಸೋಮವಾರ

ನನ್ನದು ಹೋಯಿತು. ಅಕ್ಕನದು ಹಾಗೇ ಇದೆ. ಹತ್ತಕ್ಕೆ ಬಂದ ಆರು ಜನ ಹತ್ತೂಕಾಲಿಗೆ ವಾಪಸ್ಸು. ಇವತ್ತು ಏಳನೆಯವರು ಬರುವವರಿದ್ದರು. ಮನೆಗೋಸ್ಕರ ಮೊದಲ ಸಲ ರಜೆ ಹಾಕಿ ಹೋದೆ.

ನಾನು ಮಾರಿದ ಬಾಗಿಲಲ್ಲಿ ಮೇಷ್ಟ್ರು ನಿಂತಿದ್ದರು. ಕೈಯಲ್ಲಿ ಸೀಮೆಸುಣ್ಣ. ಒಳಗೆ ಹಾಸಿದ ಚಾಪೆ ದೊಡ್ಡದು, ಕೂತ ಮಕ್ಕಳು ಇಬ್ಬರು.

"ಅವತ್ತು ಒಂದು ಮಾತು ಹೇಳ್ಬಹುದಿತ್ತಲ್ಲ ಸಾರ್?"

ಮೆಷಿನ್ನು ಅರಚುತ್ತಿತ್ತು. ಕೇಳಿಸಲಿಲ್ಲವೆಂಬಂತೆ ಕಿವಿಗೆ ಕೈ ಹಿಡಿದೆ. ಪಾಪ, ಹತ್ತಿರ ಬಂದು ಇನ್ನೊಂದು ಸಲ ಹೇಳಿದರು, ಗಟ್ಟಿಯಾಗಿ. ಅಕ್ಕ ಬಾಗಿಲು ತೆಗೆದಳು. ಅವಳಿಗೂ ಕೇಳಿಸಿತು.

ನನಗೆ ಮೊದಲನೇ ಸಲವೇ ಕೇಳಿಸಿತ್ತು.