ಇನ್ನು ಮೂರು ಮೆಟ್ಟಿಲು

ನವೆಂಬರ್ ೧೪, ಗುರುವಾರ

ಮುಚ್ಚಿಹೋದ ವಿಮಾನ ನಿಲ್ದಾಣದ ಹಳೇ ಪೈಲಟ್‌ಗಳೆಲ್ಲ ಇವತ್ತು ಸೇರಿದ್ದೆವು. ಮಹಡಿಗಳ ಮೇಲೆ ಒಣಹಾಕಿದ ಬಟ್ಟೆ ಕಾಣುವಷ್ಟು ಕೆಳಗೆ ಹಾರಿ, ಊರ ನಡುವಿನ ಆ ಗಿಡ್ಡ ರನ್‌ವೇಯಲ್ಲಿ ಇಳಿದದ್ದೇ ಎಲ್ಲರ ಮಾತು. ನಾನೂ ಬಿರುಗಾಳಿಯ ಸಂಜೆಯ ಕತೆ ಹೇಳಿದೆ. ಕೋ-ಪೈಲಟ್ ಹೆದರಿದ, ನಾನು ಉಳಿಸಿದೆ ಎಂಬ ಅದೇ ಹಳೇ ಸುಳ್ಳು.

ಅಂದು ನಾನು ಹಟಕ್ಕೆ ಬಿದ್ದು ಇಳಿಸಹೊರಟಿದ್ದೆ. "ಬೇಡ ಸಾರ್, ಮೇಲೆ ಹೋಗೋಣ" ಎಂದು ಕೋ-ಪೈಲಟ್ ಎರಡು ಸಲ ಹೇಳಿದ. ನಾನು ಕೇಳದಿದ್ದಾಗ ತಾನೇ ವಿಮಾನ ಮೇಲೆತ್ತಿದ. ಎರಡನೇ ಸುತ್ತಿನಲ್ಲಿ ನಾನು ಇಳಿಸಿದೆ, ಚಪ್ಪಾಳೆ ನನಗೆ ಬಿತ್ತು. ವರದಿಯಲ್ಲಿ ಮಾತ್ರ, ಅವನು ಹೆದರಿ ಕೈಹಾಕಿದ ಎಂದು ಬರೆದೆ. ಅವನು ಕ್ಯಾಪ್ಟನ್ ಆಗುವುದು ಆರು ವರ್ಷ ತಡವಾಯಿತು.

ಇವತ್ತು ಅವನು ಮುಂದಿನ ಸಾಲಿನಲ್ಲೇ ಕೂತು ಎಲ್ಲ ಕೇಳಿದ.

ಹೊರಡುವಾಗ ನನ್ನ ಮಂಡಿನೋವು ನೋಡಿ ತೋಳು ಹಿಡಿದುಕೊಂಡ. ನೆಲಕ್ಕೆ ಇನ್ನೆಷ್ಟು ಅಡಿ ಎಂದು ಆಗ ಕೂಗಿ ಹೇಳುತ್ತಿದ್ದ ಅದೇ ದನಿಯಲ್ಲಿ, "ಇನ್ನು ಮೂರು ಮೆಟ್ಟಿಲು ಸಾರ್. ಎರಡು. ಒಂದು" ಎಂದ. ಆಮೇಲೆ, "ನೆಲ ಬಂತು. ಕೈ ಬಿಡ್ಲಾ?"

ತಪ್ಪಾಯ್ತು ಅನ್ನಲು ಬಾಯಿ ತೆರೆದೆ. "ಥ್ಯಾಂಕ್ಸ್ ಕಣಯ್ಯ" ಎಂದು ಕಾರು ಹತ್ತಿದೆ.